ಪರದೆಯ ಪಾಠ, ಗುರುವಿನ ಪಾಠ: ಪರೇಲಿನ ಶಾಲಾಮಕ್ಕಳ ಇಸ್ಲಾಮೀ ಧಾರ್ಮಿಕ ಶಿಕ್ಷಣದಲ್ಲಿ ದೃಶ್ಯ-ಶ್ರಾವ್ಯ ಮಾಧ್ಯಮ

ಒಂದಾನೊಂದು ಕಾಲದಲ್ಲಿ ಪರೇಲಿನ ದಿನಚರಿಯನ್ನು ನಿರ್ಧರಿಸುತ್ತಿದ್ದುದು ಗಿರಣಿಗಳ ಭೋಂಗಾ. ಆ ಕೂಗಿಗೆ ಏಳುವುದು, ಆ ಕೂಗಿಗೆ ಊಟ, ಆ ಕೂಗಿಗೆ ಮನೆ ಸೇರುವುದು. 1982ರ ಜನವರಿಯಲ್ಲಿ ಆರಂಭವಾದ ಜವಳಿ ಕಾರ್ಮಿಕರ ಮುಷ್ಕರದ ಅನಂತರ ಒಂದೊಂದಾಗಿ ಆ ಭೋಂಗಾಗಳು ಮೌನವಾದವು. ಗಿರಣಿಯ ನೆಲದಲ್ಲಿ ಗಗನಚುಂಬಿ ಕಟ್ಟಡಗಳು ಎದ್ದಿವೆ. ಆದರೆ ಅವುಗಳ ನೆರಳಿನಲ್ಲಿರುವ ಚಾಳುಗಳಲ್ಲಿ ಇನ್ನೊಂದು ಬಗೆಯ ಗಂಟೆಗಳು ಇಂದಿಗೂ ತಪ್ಪದೆ ನಡೆಯುತ್ತಿವೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಟ್ಯೂಷನ್‌ಗೆ ಹೋಗುವ ಗಂಟೆ, ಭಜನೆಗೆ ಕುಳಿತುಕೊಳ್ಳುವ ಗಂಟೆ, ತಲೆಗೆ ಟೋಪಿಯಿಟ್ಟು ಅಥವಾ ದುಪಟ್ಟಾ ಹೊದ್ದು ಮಸೀದಿಯ ಪಕ್ಕದ ಮಕ್ತಬ್‌ಗೆ ಹೋಗುವ ಗಂಟೆ.

ಈ ಕೊನೆಯ ಗಂಟೆಯ ಕುರಿತು ನಮ್ಮ ಕನ್ನಡ ಬಳಗಗಳಲ್ಲಿ ಚರ್ಚೆ ನಡೆಯುವುದು ಕಡಿಮೆ. ಮುಂಬಯಿ ಕನ್ನಡಿಗರೆಂದಾಗ ಕರಾವಳಿಯಿಂದ ಬಂದ ಬ್ಯಾರಿಗಳು, ಭಟ್ಕಳ-ಮುರ್ಡೇಶ್ವರಗಳ ನವಾಯತರು, ವಿಜಾಪುರ-ಕಲಬುರ್ಗಿಗಳ ಉರ್ದು ಮಾತನಾಡುವ ಮುಸ್ಲಿಂ ಕುಟುಂಬಗಳೂ ನಮ್ಮವರೇ ಎಂಬುದನ್ನು ನಾವು ಒಮ್ಮೊಮ್ಮೆ ಮರೆಯುತ್ತೇವೆ. ಅವರ ಮಕ್ಕಳು ಧರ್ಮವನ್ನು ಹೇಗೆ ಕಲಿಯುತ್ತಾರೆ, ಮೊಬೈಲು ಮತ್ತು ದೂರದರ್ಶನದ ಪರದೆ ಆ ಕಲಿಕೆಯನ್ನು ಹೇಗೆ ಬದಲಿಸುತ್ತಿದೆ, ಅದರಿಂದ ಆಗುವ ಲಾಭವೇನು, ನಷ್ಟವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಹೇಳುವ ಬಹುಪಾಲು ಮಾತುಗಳು ಮಕ್ಕಳಿಗೆ ಸ್ತೋತ್ರ ಕಲಿಸುವ, ಯಕ್ಷಗಾನದ ತಾಳ ಕಲಿಸುವ, ಚರ್ಚಿನ ಪ್ರಾರ್ಥನೆ ಕಲಿಸುವ ಎಲ್ಲ ಮನೆಗಳಿಗೂ ಅನ್ವಯಿಸುತ್ತವೆಂದು ನಾವು ಭಾವಿಸುತ್ತೇವೆ.

ಒಂದು ಮಗು, ಏಳು ಭಾಷೆ

ಮೊದಲಿಗೆ ಸಮಸ್ಯೆಯ ಸ್ವರೂಪವನ್ನು ಅರಿಯೋಣ. ಪರೇಲಿನ ಬ್ಯಾರಿ ಮನೆಯ ಹತ್ತು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಅಜ್ಜಿಯ ಮಾತು ಬ್ಯಾರಿ. ಶಾಲೆಯ ಪಾಠ ಇಂಗ್ಲಿಷ್. ಮೈದಾನದ ಆಟ ಮರಾಠಿ ಮತ್ತು ಹಿಂದಿ. ಮಕ್ತಬ್‌ನ ಮೌಲಾನಾ ಉತ್ತರ ಭಾರತದವರಾದ್ದರಿಂದ ವಿವರಣೆ ಉರ್ದು. ಓದಬೇಕಾದ ಗ್ರಂಥ ಅರಬಿ. ರಜೆಯಲ್ಲಿ ಊರಿಗೆ ಹೋದರೆ ಅಂಗಡಿಯ ಫಲಕಗಳೆಲ್ಲ ಕನ್ನಡ. ಊರಿನಲ್ಲಿರುವ ಅವನ ದೊಡ್ಡಪ್ಪನ ಮಗ ಬೆಳಿಗ್ಗೆ ಶಾಲೆಗೆ ಮುನ್ನ ಮದರಸಾಕ್ಕೆ ಹೋಗುತ್ತಾನೆ. ಅಲ್ಲಿನ ಉಸ್ತಾದರ ಬಾಯಲ್ಲಿ ಮಲಯಾಳ ಅಥವಾ ಬ್ಯಾರಿ. ಪಠ್ಯವು ಅರಬಿ ಅಕ್ಷರಗಳಲ್ಲಿ ಮಲಯಾಳವನ್ನು ಬರೆಯುವ ಅರಬಿ-ಮಲಯಾಳ ಲಿಪಿಯ ಪರಂಪರೆಯಿಂದ ಬಂದದ್ದು.

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅನೇಕ ಮದರಸಾಗಳು ಕೇರಳದ ಸಮಸ್ತ ಸಂಘಟನೆಯ ಪಠ್ಯಕ್ರಮವನ್ನು ಅನುಸರಿಸುತ್ತವೆ. ಸಮಸ್ತ ಕೇರಳ ಜಂಇಯ್ಯತುಲ್ ಉಲಮಾ ಸ್ಥಾಪನೆಯಾದದ್ದು 1926ರಲ್ಲಿ; ಅದರ ಮದರಸಾ ಶಿಕ್ಷಣ ಮಂಡಳಿ 1951ರಲ್ಲಿ. ತರಗತಿಗಳ ವಿಂಗಡಣೆ, ಮುದ್ರಿತ ಪಠ್ಯ, ತಪಾಸಣೆ, ಐದನೆಯ ಮತ್ತು ಏಳನೆಯ ತರಗತಿಗಳಿಗೆ ಸಾರ್ವಜನಿಕ ಪರೀಕ್ಷೆ, ಇವೆಲ್ಲ ಅಲ್ಲಿ ಸುವ್ಯವಸ್ಥಿತ. ಮುಂಬಯಿಯಲ್ಲಿ ಚಿತ್ರ ಬೇರೆ. ಇಲ್ಲಿನ ಮಕ್ತಬ್‌ಗಳು ಮೊಹಲ್ಲಾ ಮೊಹಲ್ಲಾಗಳಲ್ಲಿ ಪ್ರತ್ಯೇಕವಾಗಿ ಬೆಳೆದವು. ಒಂದೇ ಕೋಣೆಯಲ್ಲಿ ಆರು ವರ್ಷದ ಮಗುವೂ ಹದಿಮೂರರ ಹುಡುಗನೂ ಕುಳಿತಿರುತ್ತಾರೆ. ಮೌಲಾನಾ ಒಬ್ಬೊಬ್ಬರನ್ನೇ ಕರೆದು ಪಾಠ ಕೇಳುತ್ತಾರೆ. ಉಳಿದವರು ತಮ್ಮ ಸರದಿಯವರೆಗೆ ತೂಗಾಡುತ್ತಾ ಗಟ್ಟಿಯಾಗಿ ಓದುತ್ತಿರುತ್ತಾರೆ. ಒಂದು ಗಂಟೆಯ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಪ್ರತಿ ಮಗುವಿಗೆ ಗುರುವಿನ ಕಿವಿ ಸಿಗುವುದು ಎರಡೇ ನಿಮಿಷ. ದೃಶ್ಯ-ಶ್ರಾವ್ಯ ಮಾಧ್ಯಮದ ಪ್ರಶ್ನೆ ಹುಟ್ಟುವುದು ಈ ಎರಡು ನಿಮಿಷಗಳ ಕೊರತೆಯಲ್ಲಿ.

ಕಿವಿಯ ವಿದ್ಯೆ

ಕುರ್‌ಆನ್ ಕಲಿಕೆ ಮೂಲತಃ ಕಿವಿಯ ವಿದ್ಯೆ. ಮುಸ್ಲಿಮರ ನಂಬಿಕೆಯಂತೆ ದೇವದೂತ ಜಿಬ್ರೀಲರಿಂದ ಪ್ರವಾದಿಗೆ ತಲುಪಿದ ಮೊದಲ ಆಜ್ಞೆ 'ಇಕ್‌ರಅ್', ಅಂದರೆ 'ಓದು' ಅಥವಾ 'ಪಠಿಸು'. ಕನ್ನಡದ ಹಿರಿಯ ಲೇಖಕ ಬೊಳುವಾರು ಮಹಮದ್ ಕುಂಞಿಯವರು ಪ್ರವಾದಿಯ ಬದುಕನ್ನು ಕುರಿತ ತಮ್ಮ ಕಾದಂಬರಿಗೆ 'ಓದಿರಿ' ಎಂದು ಹೆಸರಿಟ್ಟದ್ದನ್ನು ವಾಚಕರು ಬಲ್ಲರು. ಗುರು ಉಚ್ಚರಿಸುವುದು, ಶಿಷ್ಯ ಕೇಳುವುದು, ಅವನು ಮರಳಿ ಹೇಳಿದ್ದನ್ನು ಗುರು ತಿದ್ದುವುದು, ಇದೇ ಇಲ್ಲಿನ ಪರಂಪರೆ. ನಮ್ಮ ವೇದಾಧ್ಯಯನದ ಪಾಠಶಾಲೆಯ ಕ್ರಮವನ್ನೋ ಸಂಗೀತದ ಗುರುಕುಲವನ್ನೋ ಬಲ್ಲವರಿಗೆ ಇದು ಅಪರಿಚಿತವಲ್ಲ.

ಉಚ್ಚಾರದ ಶಾಸ್ತ್ರಕ್ಕೆ 'ತಜ್‌ವೀದ್' ಎಂದು ಹೆಸರು. ಅರಬಿಯ 28 ಅಕ್ಷರಗಳು ಬಾಯಿ, ಗಂಟಲು, ನಾಲಗೆ, ತುಟಿಗಳ ಯಾವ ಭಾಗದಿಂದ ಹೊರಡುತ್ತವೆ ಎಂಬುದನ್ನು ಈ ಶಾಸ್ತ್ರ ನಿಖರವಾಗಿ ಗುರುತಿಸುತ್ತದೆ. ಅಂತಹ ಸ್ಥಾನಕ್ಕೆ 'ಮಖ್ರಜ್' ಎನ್ನುತ್ತಾರೆ. ಪ್ರಸಿದ್ಧವಾದ ಎಣಿಕೆಯಂತೆ ಇವು ಹದಿನೇಳು. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ವರ್ಣಮಾಲೆಯನ್ನು ಜೋಡಿಸಿಕೊಂಡ ಕನ್ನಡಿಗರಿಗೆ ಈ ವಿಂಗಡಣೆಯ ಸೊಗಸು ತಟ್ಟನೆ ಅರ್ಥವಾಗುತ್ತದೆ.

ಆದರೆ ತೊಂದರೆಯೂ ಇಲ್ಲಿಯೇ ಇದೆ. ಕನ್ನಡ ಲಿಪಿಯ ಒಂದು 'ಸ'ಕಾರವು ಅರಬಿಯ ಸೀನ್, ಸ್ವಾದ್, ಥಾ ಎಂಬ ಮೂರು ಬೇರೆ ಬೇರೆ ಅಕ್ಷರಗಳ ಕೆಲಸವನ್ನು ಮಾಡಬೇಕಾಗುತ್ತದೆ. ಒಂದು 'ಹ'ಕಾರ ಎರಡು ಅಕ್ಷರಗಳಿಗೆ. ಒಂದು 'ತ'ಕಾರ ಎರಡಕ್ಕೆ. ಒಂದು 'ಕ'ಕಾರ ನಾಲಗೆಯ ಬುಡದ ಕಾಫಿಗೂ ಅದಕ್ಕಿಂತ ಮುಂದಿನ ಕಾಫಿಗೂ. ಬುಡದ ಕಾಫಿನಿಂದ 'ಕಲ್ಬ್' ಎಂದರೆ ಹೃದಯ. ಮುಂದಿನ ಕಾಫಿನಿಂದ 'ಕಲ್ಬ್' ಎಂದರೆ ನಾಯಿ. ಕನ್ನಡ ಅಕ್ಷರಗಳಲ್ಲಿ ಅಚ್ಚಾದ ಪ್ರಾರ್ಥನಾ ಪುಸ್ತಕವನ್ನಷ್ಟೇ ಓದಿ ಕಲಿತ ಮಗುವಿಗೆ ಈ ವ್ಯತ್ಯಾಸ ಎಂದಿಗೂ ಗೊತ್ತಾಗದು. ಮುದ್ರಿತ ಪುಟ ಕೊಡಲಾರದುದನ್ನು ಧ್ವನಿ ಕೊಡುತ್ತದೆ. ಆದ್ದರಿಂದ ಈ ಶಿಕ್ಷಣದಲ್ಲಿ ಧ್ವನಿಮುದ್ರಣ ಅಲಂಕಾರದ ವಸ್ತುವಲ್ಲ. ಉಚ್ಚಾರದ ಮಟ್ಟಿಗೆ ಅದು ಪುಸ್ತಕಕ್ಕಿಂತಲೂ ಮೂಲಕ್ಕೆ ಹತ್ತಿರವಾದ ಸಾಧನ.

ಮೇಣದ ಉರುಳೆಯಿಂದ ಮೊಬೈಲಿನವರೆಗೆ

ಧ್ವನಿಯಂತ್ರಕ್ಕೂ ಕುರ್‌ಆನ್ ಪಠಣಕ್ಕೂ ನಂಟು ಹೊಸತಲ್ಲ. ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ ಕೆಲವೇ ದಶಕಗಳಲ್ಲಿ, ಅದರ ಮೂಲಕ ಪವಿತ್ರ ವಚನಗಳನ್ನು ಕೇಳಬಹುದೇ ಎಂಬ ಪ್ರಶ್ನೆ ಮುಸ್ಲಿಂ ವಿದ್ವಾಂಸರ ಮುಂದೆ ಬಂದಿತ್ತು. ಡಚ್ ವಿದ್ವಾಂಸ ಸ್ನೂಕ್ ಹುರ್ಖ್ರೊನ್ಯೆ 1900ರಲ್ಲಿಯೇ ಇಸ್ಲಾಂ ಮತ್ತು ಫೋನೋಗ್ರಾಫ್ ಕುರಿತು ಪ್ರಬಂಧ ಬರೆದರು. ನಮ್ಮ ದೇಶದಲ್ಲಿಯೂ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮಸೀದಿಯಲ್ಲಿ ಧ್ವನಿವರ್ಧಕ ಬಳಸಬಹುದೇ ಎಂಬ ಬಗ್ಗೆ ದೀರ್ಘ ಚರ್ಚೆ ನಡೆಯಿತು. ಇಂದು ಧ್ವನಿವರ್ಧಕದ ಸದ್ದಿನ ಪ್ರಮಾಣದ ಬಗ್ಗೆ ಮಾತುಂಟೇ ಹೊರತು ಆ ಯಂತ್ರದ ಬಗ್ಗೆ ಆಕ್ಷೇಪವಿಲ್ಲ. ಹೊಸ ಸಾಧನ ಬಂದಾಗ ಮೊದಲು ಸಂಶಯ, ಆಮೇಲೆ ಪರೀಕ್ಷೆ, ಕೊನೆಗೆ ಷರತ್ತಿನ ಸ್ವೀಕಾರ, ಇದು ಎಲ್ಲ ಧರ್ಮಗಳ ಅನುಭವ.

ನಿರ್ಣಾಯಕ ಹೆಜ್ಜೆ ಇಟ್ಟದ್ದು ಈಜಿಪ್ಟ್. ಲಬೀಬ್ ಅಸ್ಸಈದ್ ಎಂಬವರ ಪ್ರಯತ್ನದಿಂದ, ಮಹ್‌ಮೂದ್ ಖಲೀಲ್ ಅಲ್-ಹುಸರಿ ಅವರ ಕಂಠದಲ್ಲಿ ಸಂಪೂರ್ಣ ಕುರ್‌ಆನಿನ ಧ್ವನಿಮುದ್ರಣ 1960ರ ದಶಕದ ಆರಂಭದಲ್ಲಿ ಹೊರಬಂತು. 1964ರಲ್ಲಿ ಕೈರೋದಲ್ಲಿ ಕುರ್‌ಆನ್ ಪಠಣಕ್ಕೆಂದೇ ಮೀಸಲಾದ ಆಕಾಶವಾಣಿ ಆರಂಭವಾಯಿತು. ಶಿಕ್ಷಣದ ದೃಷ್ಟಿಯಿಂದ ಇನ್ನೂ ಮಹತ್ವದ್ದು 'ಕಲಿಸುವ ಮುಸ್‌ಹಫ್' ಎಂಬ ಬಗೆಯ ಮುದ್ರಣ. ಇದರಲ್ಲಿ ಪಾಠಕರು ಒಂದು ವಾಕ್ಯ ಪಠಿಸಿ ನಿಲ್ಲುತ್ತಾರೆ; ಮಕ್ಕಳ ಗುಂಪು ಅದನ್ನೇ ಮರಳಿ ಹೇಳುತ್ತದೆ. ಹುಸರಿ, ಮಿನ್‌ಶಾವಿ ಮೊದಲಾದವರ ಇಂತಹ ಧ್ವನಿಮುದ್ರಣಗಳು ಕ್ಯಾಸೆಟ್ಟಾಗಿ, ಸಿ.ಡಿ.ಯಾಗಿ, ಈಗ ಮೊಬೈಲಿನ ಕಡತವಾಗಿ ಲೋಕವನ್ನೆಲ್ಲ ಸುತ್ತುತ್ತಿವೆ. ಗಲ್ಫ್ ದೇಶಗಳಲ್ಲಿ ದುಡಿದು ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಟೇಪ್‌ರೆಕಾರ್ಡರಿನ ಜೊತೆಗೆ ಈ ಕ್ಯಾಸೆಟ್ಟುಗಳೂ ಕರಾವಳಿಯ ಮನೆ ಸೇರುತ್ತಿದ್ದುದನ್ನು ನಮ್ಮಲ್ಲಿ ಹಿರಿಯರಾದವರು ಕಂಡಿದ್ದಾರೆ.

ಪರೇಲಿಗೆ ಚಿತ್ರ ಮತ್ತು ಧ್ವನಿಯ ಲೋಕ ದೂರದ್ದಲ್ಲ. ಇಲ್ಲಿನ ಲವ್‌ಜಿ ಕ್ಯಾಸಲ್‌ನಲ್ಲಿ ವಾಡಿಯಾ ಮೂವಿಟೋನ್ 1930ರ ದಶಕದಲ್ಲಿ ಸಾಹಸಚಿತ್ರಗಳನ್ನು ತಯಾರಿಸಿತು. 1942ರಲ್ಲಿ ವಿ. ಶಾಂತಾರಾಮ್ ಅದೇ ನೆಲೆಯಲ್ಲಿ ರಾಜ್‌ಕಮಲ್ ಕಲಾಮಂದಿರವನ್ನು ಕಟ್ಟಿದರು. ಕನ್ನಡ ನಾಡಿಗೂ ಪರದೆಯ ಪಾಠ ಹೊಸತಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಮುಂಬಯಿ ಮಹಾನಗರಪಾಲಿಕೆಯು 2015ರಲ್ಲಿ ತನ್ನ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಟ್ಯಾಬ್‌ಗಳನ್ನು ಹಂಚಿತು. ಶಾಲೆಯ ಭೂಗೋಳಕ್ಕೆ ಪರದೆ ಒಗ್ಗುವುದಾದರೆ ಮಕ್ತಬ್‌ನ ಪಾಠಕ್ಕೆ ಏಕೆ ಒಗ್ಗದು ಎಂದು ಪೋಷಕರು ಕೇಳತೊಡಗಿದ್ದು ಸಹಜವೇ.

2020: ಬಲವಂತದ ಪ್ರಯೋಗ

ಆ ಪ್ರಶ್ನೆಗೆ ಉತ್ತರ ಹುಡುಕಲು ಸಮಯ ಕೊಡದೆ ಬಂದದ್ದು ಕೊರೊನಾ. 2020ರ ಮಾರ್ಚ್ 25ರಂದು ದೇಶವ್ಯಾಪಿ ದಿಗ್ಬಂಧನ ಜಾರಿಗೆ ಬಂದಾಗ ಶಾಲೆಗಳೊಂದಿಗೆ ಮದರಸಾ-ಮಕ್ತಬ್‌ಗಳೂ ಮುಚ್ಚಿದವು. ಏಪ್ರಿಲ್ ಕೊನೆಯಲ್ಲಿ ಆರಂಭವಾದ ರಮಝಾನ್ ಮಸೀದಿಯಿಲ್ಲದೆ ಕಳೆಯಿತು. ರಮಝಾನ್ ಮುಗಿದು ಹೊಸ ಶೈಕ್ಷಣಿಕ ವರ್ಷ ಆರಂಭವಾಗುವ ಹೊತ್ತಿಗೆ, 2020ರ ಜೂನ್‌ನಲ್ಲಿ, ಸಮಸ್ತದ ಮಂಡಳಿಯು ತನ್ನ ಮದರಸಾ ಪಾಠಗಳನ್ನು ಯೂಟ್ಯೂಬ್ ಮತ್ತು ಟಿ.ವಿ. ವಾಹಿನಿಯ ಮೂಲಕ ತರಗತಿವಾರು ಪ್ರಸಾರ ಮಾಡತೊಡಗಿತು. ಕಪ್ಪುಹಲಗೆಯ ಮುಂದೆ ಉಸ್ತಾದರು ನಿಂತು, ಎದುರಿಗೆ ಒಬ್ಬ ವಿದ್ಯಾರ್ಥಿಯೂ ಇಲ್ಲದೆ, ಕ್ಯಾಮರಾಕ್ಕೆ ಪಾಠ ಹೇಳಿದರು. ಮುಂಬಯಿಯ ಮಕ್ತಬ್‌ಗಳಲ್ಲಿ ಮೌಲಾನಾರು ವಾಟ್ಸ್‌ಆ್ಯಪ್ ಬಳಗಗಳನ್ನು ಮಾಡಿಕೊಂಡರು. ಮಗು ಪಾಠವನ್ನು ಓದಿ ಧ್ವನಿಸಂದೇಶವಾಗಿ ಕಳುಹಿಸುವುದು, ಅವರು ಕೇಳಿ ತಿದ್ದಿ ಮರಳಿ ಕಳುಹಿಸುವುದು.

ಈ ಬಲವಂತದ ಪ್ರಯೋಗ ಎರಡು ಸತ್ಯಗಳನ್ನು ಕಲಿಸಿತು. ಒಂದು, ಧ್ವನಿಸಂದೇಶದ ಕ್ರಮದಲ್ಲಿ ಅಂಜುಬುರುಕ ಮಕ್ಕಳು ಗೆದ್ದರು. ಎಲ್ಲರೆದುರು ಗಟ್ಟಿಯಾಗಿ ಓದಲು ನಾಚುವ ಮಗು ಮನೆಯಲ್ಲಿ ಐದು ಸಲ ಓದಿ, ಆರನೆಯದನ್ನು ಕಳುಹಿಸುತ್ತದೆ. ಆ ಐದು ಸಲದ ಓದು ತರಗತಿಯಲ್ಲಿ ಸಿಗುತ್ತಿರಲಿಲ್ಲ. ಎರಡು, ಬಡತನದ ಲೆಕ್ಕ ಬಯಲಾಯಿತು. ಲೋವರ್ ಪರೇಲಿನ ಎನ್.ಎಂ. ಜೋಶಿ ಮಾರ್ಗದ ಬಿ.ಡಿ.ಡಿ. ಚಾಳುಗಳ ಒಂದು ಕೋಣೆ ಸುಮಾರು 160 ಚದರಡಿ. ಅಂತಹ ಕೋಣೆಯಲ್ಲಿ ಆರು ಜನ, ಒಂದು ಸ್ಮಾರ್ಟ್‌ಫೋನ್. ಅಣ್ಣನಿಗೆ ಹತ್ತನೆಯ ತರಗತಿಯ ಗಣಿತ, ತಂಗಿಗೆ ನಾಲ್ಕನೆಯ ತರಗತಿಯ ಇಂಗ್ಲಿಷ್, ತಂದೆಗೆ ಅಂಗಡಿಯ ಆರ್ಡರು. ಮೂವರ ಸರದಿ ಮುಗಿದ ಮೇಲೆ ಉಳಿಯುವ ಬ್ಯಾಟರಿಯಲ್ಲಿ ಮಕ್ತಬ್‌ನ ಪಾಠ. ಪರದೆ ಎಲ್ಲರಿಗೂ ಸಮಾನವಾಗಿ ತೆರೆಯುವ ಬಾಗಿಲಲ್ಲವೆಂಬುದನ್ನು ಯೋಜನೆ ಹಾಕುವವರು ಮರೆಯಕೂಡದು.

ಬಿಂಬದ ಪ್ರಶ್ನೆ

ಧ್ವನಿಯ ಬಗ್ಗೆ ಇರುವಷ್ಟು ಸಹಮತ ಚಿತ್ರದ ಬಗ್ಗೆ ಇಲ್ಲ. ಪ್ರವಾದಿಯ ರೂಪವನ್ನು ಚಿತ್ರಿಸುವುದನ್ನು ಮುಸ್ಲಿಂ ಸಮಾಜ ಒಪ್ಪುವುದಿಲ್ಲ. ಇತರ ಪ್ರವಾದಿಗಳ ವಿಷಯದಲ್ಲಿಯೂ ಬಹುಸಂಖ್ಯಾತ ಸುನ್ನಿ ವಿದ್ವಾಂಸರ ನಿಲುವು ಅದೇ. ಜೀವಿಗಳ ಚಿತ್ರವೇ ಸಲ್ಲದೆನ್ನುವವರೂ, ಛಾಯಾಚಿತ್ರ ಮತ್ತು ವಿಡಿಯೋ ನೆರಳಿನಂತೆ, ಆದ್ದರಿಂದ ಅಡ್ಡಿಯಿಲ್ಲವೆನ್ನುವವರೂ, ಶಿಕ್ಷಣದ ಅಗತ್ಯಕ್ಕೆ ಮಾತ್ರ ಸಲ್ಲುವುದೆನ್ನುವವರೂ ಇದ್ದಾರೆ. ವಾದ್ಯಸಂಗೀತದ ಬಗೆಗೂ ಇಂತಹುದೇ ಭಿನ್ನಾಭಿಪ್ರಾಯ. ಆದುದರಿಂದ ಒಂದು ಮನೆಯವರು ಮೆಚ್ಚಿ ತೋರಿಸುವ ವಿಡಿಯೋವನ್ನು ಪಕ್ಕದ ಮನೆಯವರು ಬೇಡವೆನ್ನಬಹುದು. ಇದನ್ನು ಹಟವೆಂದು ತಳ್ಳಿಹಾಕದೆ ಅರ್ಥಮಾಡಿಕೊಳ್ಳುವುದು ಉಚಿತ.

ಈ ಮಿತಿಯೇ ಸೃಜನಶೀಲತೆಗೆ ದಾರಿಯಾದ ಉದಾಹರಣೆಗಳೂ ಇವೆ. ಮುಸ್ತಫಾ ಅಕ್ಕಾದ್ ನಿರ್ದೇಶಿಸಿ 1976ರಲ್ಲಿ ತೆರೆಕಂಡ 'ದಿ ಮೆಸೇಜ್' ಚಲನಚಿತ್ರವು ಪ್ರವಾದಿಯ ಕಾಲದ ಕತೆಯನ್ನು ಅವರ ರೂಪವನ್ನಾಗಲಿ ಧ್ವನಿಯನ್ನಾಗಲಿ ತೋರಿಸದೆ ಹೇಳಿತು. ಪಾತ್ರಗಳು ಕ್ಯಾಮರಾದತ್ತ ತಿರುಗಿ ಮಾತನಾಡುತ್ತವೆ. ನೋಡುಗನು ಆ ಸ್ಥಾನದಲ್ಲಿ ನಿಂತು ಕೇಳುತ್ತಾನೆ. ಮಲೇಷ್ಯಾದಲ್ಲಿ 2017ರಲ್ಲಿ ಆರಂಭವಾದ 'ಒಮರ್ ಮತ್ತು ಹಾನಾ' ಎಂಬ ಆ್ಯನಿಮೇಶನ್ ಸರಣಿಯು ಇನ್ನೊಂದು ದಾರಿ ಹಿಡಿಯಿತು: ಇತಿಹಾಸದ ಗೊಡವೆಗೆ ಹೋಗದೆ, ಊಟಕ್ಕೆ ಮುನ್ನ ಬಿಸ್ಮಿಲ್ಲಾ ಹೇಳುವುದು, ತಪ್ಪಿಗೆ ಕ್ಷಮೆ ಕೇಳುವುದು, ಆಟಿಕೆ ಹಂಚಿಕೊಳ್ಳುವುದು ಮೊದಲಾದ ದಿನನಿತ್ಯದ ನಡತೆಯನ್ನು ಅಣ್ಣ-ತಂಗಿಯರ ಕತೆಯಾಗಿ ಹೇಳುವುದು.

ಚಿತ್ರವಿಲ್ಲದ ದೃಶ್ಯವೂ ಉಂಟು ಎಂಬುದನ್ನು ನಾವು ನೆನಪಿಡಬೇಕು. ಮಕ್ಕಾ-ಮದೀನಗಳ ನಡುವಿನ ದಾರಿಯ ಭೂಪಟ, ಹಜ್ ಯಾತ್ರೆಯ ದಿನವಾರು ಸ್ಥಳಗಳ ರೇಖಾಚಿತ್ರ, ಚಾಂದ್ರಮಾಸದ ಚಂದ್ರಕಲೆಗಳ ಚಲನೆ, ನೆರಳಿನ ಉದ್ದದಿಂದ ಪ್ರಾರ್ಥನೆಯ ವೇಳೆ ನಿಶ್ಚಯಿಸುವ ಬಗೆ, ಬಾಯಿಯ ಅಡ್ಡಸೀಳಿಕೆಯಲ್ಲಿ ನಾಲಗೆಯ ಸ್ಥಾನ. ಇವುಗಳಿಗೆ ಯಾರ ಆಕ್ಷೇಪವೂ ಇರುವಂತಿಲ್ಲ. ಮಾತಿನಲ್ಲಿ ಅರ್ಧ ಗಂಟೆ ತೆಗೆದುಕೊಳ್ಳುವ ಸಂಗತಿ ಇಲ್ಲಿ ಎರಡು ನಿಮಿಷಕ್ಕೆ ಮನದಟ್ಟಾಗುತ್ತದೆ.

ಯಾವ ವಿಡಿಯೋ, ಯಾರ ಕ್ರಮ?

ಈಗ ಮುಂಬಯಿಯ ಕನ್ನಡ ಕುಟುಂಬಗಳಿಗೆ ವಿಶೇಷವಾಗಿ ತಟ್ಟುವ ವಿಷಯಕ್ಕೆ ಬರೋಣ. ಕರಾವಳಿಯ ಬ್ಯಾರಿಗಳು, ನವಾಯತರು ಮತ್ತು ಮಹಾರಾಷ್ಟ್ರದ ಕೊಂಕಣಿ ಮುಸ್ಲಿಮರು ಬಹುಪಾಲು ಶಾಫಿಈ ಪಂಥವನ್ನು ಅನುಸರಿಸುವವರು. ಉತ್ತರ ಭಾರತದವರು ಮತ್ತು ಉತ್ತರ ಕರ್ನಾಟಕದವರು ಬಹುಪಾಲು ಹನಫೀ. ನಂಬಿಕೆಯ ಮೂಲ ಒಂದೇ. ಆಚರಣೆಯ ವಿವರಗಳಲ್ಲಿ ವ್ಯತ್ಯಾಸ. ನಮಾಝಿಗೆ ಮುನ್ನ ಕೈಕಾಲು ತೊಳೆಯುವ ವುಝೂವಿನಲ್ಲಿ ಹನಫೀಗಳ ಪ್ರಕಾರ ಕಡ್ಡಾಯ ಅಂಶಗಳು ನಾಲ್ಕು. ಶಾಫಿಈಗಳಲ್ಲಿ ಸಂಕಲ್ಪ ಮತ್ತು ಕ್ರಮಪಾಲನೆ ಸೇರಿ ಆರು. ಹನಫೀಗಳು ದಿನದ ಸಾಮಾನ್ಯ ನಮಾಝಿನ ಆರಂಭದಲ್ಲಿ ಮಾತ್ರ ಕೈ ಎತ್ತುತ್ತಾರೆ. ಶಾಫಿಈಗಳು ಬಾಗುವಾಗಲೂ ಏಳುವಾಗಲೂ ಎತ್ತುತ್ತಾರೆ. ಶಾಫಿಈಗಳು ಮುಂಜಾವದ ನಮಾಝಿನಲ್ಲಿ ಕುನೂತ್ ಎಂಬ ಪ್ರಾರ್ಥನೆಯನ್ನು ಸೇರಿಸುತ್ತಾರೆ; ಹನಫೀಗಳು ರಾತ್ರಿಯ ವಿತ್ರ್ ನಮಾಝಿನಲ್ಲಿ. ಸಾಯಂಕಾಲದ ಅಸರ್ ನಮಾಝಿನ ವೇಳೆಯೂ ಬೇರೆ: ವಸ್ತುವಿನ ನೆರಳು, ಮಧ್ಯಾಹ್ನದ ನೆರಳನ್ನು ಬಿಟ್ಟು, ಅದರ ಒಂದು ಪಟ್ಟು ಆದಾಗ ಶಾಫಿಈಗಳಿಗೆ, ಎರಡು ಪಟ್ಟು ಆದಾಗ ಹನಫೀಗಳಿಗೆ.

ಪರೇಲಿನ ಹುಡುಗ ಮಕ್ತಬ್‌ನಲ್ಲಿ ಹನಫೀ ಕ್ರಮ ಕಲಿಯುತ್ತಾನೆ. ಮೊಬೈಲಿನಲ್ಲಿ ಹುಡುಕಿದರೆ ಅರಬ್ ದೇಶದ ಮತ್ತೊಂದು ಕ್ರಮ ಬರುತ್ತದೆ. ಊರಿಗೆ ಹೋದರೆ ಅಜ್ಜ ಬೇರೆ ರೀತಿ ನಿಲ್ಲುತ್ತಾರೆ. "ಅಜ್ಜ ತಪ್ಪು ಮಾಡುತ್ತಿದ್ದಾರೆ" ಎಂದು ಆ ಹುಡುಗ ಹೇಳಿಬಿಟ್ಟರೆ? ಇಂತಹ ಮಾತು ಮನೆಯೊಳಗೆ ಎಷ್ಟು ನೋವು ತರಬಲ್ಲದೆಂಬುದನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಐವತ್ತು ವರ್ಷಗಳಿಂದ ನಿಷ್ಠೆಯಿಂದ ಪ್ರಾರ್ಥಿಸಿದ ಹಿರಿಯರು ಮೊಮ್ಮಗನ ಮೂರು ನಿಮಿಷಗಳ ವಿಡಿಯೋದೆದುರು ಅಪರಾಧಿಯಂತೆ ನಿಲ್ಲಬೇಕಾದುದು ವಿಷಾದದ ಸಂಗತಿ. ವಿಡಿಯೋ ತಾನು ಹೇಳಿದ್ದೇ ಕ್ರಮವೆಂಬಂತೆ ಹೇಳುತ್ತದೆ. ಬೇರೆ ಕ್ರಮವೂ ಸಿಂಧುವಾದುದು, ನಾಲ್ಕು ಸುನ್ನಿ ಪಂಥಗಳು ಪರಸ್ಪರರನ್ನು ಗೌರವಿಸುತ್ತವೆ, ಶಿಯಾ ಮತ್ತು ಬೋಹ್ರಾ ಪರಂಪರೆಗಳೂ ಈ ನಗರದಲ್ಲಿಯೇ ಇವೆ ಎಂದು ವಿವರಿಸಬೇಕಾದವರು ಗುರು ಮತ್ತು ಪೋಷಕರು. ಆದ್ದರಿಂದ ಮಗುವಿಗೆ ವಿಡಿಯೋ ತೋರಿಸುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ, 'ಚಿತ್ರ ಚೆನ್ನಾಗಿದೆಯೇ?' ಎಂಬುದಲ್ಲ. 'ಇದನ್ನು ಹೇಳುತ್ತಿರುವವರು ಯಾರು, ಯಾವ ಪರಂಪರೆಯಿಂದ ಹೇಳುತ್ತಿದ್ದಾರೆ?' ಎಂಬುದು.

ಶಿಕ್ಷಣಶಾಸ್ತ್ರ ಏನೆನ್ನುತ್ತದೆ?

ಮನುಷ್ಯ ಓದಿದ್ದರಲ್ಲಿ ಇಷ್ಟು ಶೇಕಡಾ, ನೋಡಿದ್ದರಲ್ಲಿ ಇಷ್ಟು ಶೇಕಡಾ ನೆನಪಿಡುತ್ತಾನೆಂಬ ಕೋಷ್ಟಕವನ್ನು ನಾವೆಲ್ಲ ಸಭೆಗಳಲ್ಲಿ ಕೇಳಿದ್ದೇವೆ. ಅಮೆರಿಕದ ಎಡ್ಗರ್ ಡೇಲ್ 1946ರಲ್ಲಿ ದೃಶ್ಯ-ಶ್ರಾವ್ಯ ಬೋಧನೆಯ ಕುರಿತ ತಮ್ಮ ಗ್ರಂಥದಲ್ಲಿ ಅನುಭವದ ಶಂಕುವೊಂದನ್ನು ಚಿತ್ರಿಸಿದ್ದು ನಿಜ. ಆದರೆ ಆ ಶೇಕಡಾವಾರು ಅಂಕಿಗಳು ಅವರವಲ್ಲ. ಬೇರೆಯವರು ಆಮೇಲೆ ಅಂಟಿಸಿದವು, ಅವಕ್ಕೆ ಸಂಶೋಧನೆಯ ಆಧಾರವಿಲ್ಲ. ಇನ್ನೊಬ್ಬ ವಿದ್ವಾಂಸ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ಹೆಚ್ಚು ಉಪಯುಕ್ತ. ಮಾತಿನೊಂದಿಗೆ ಹೊಂದುವ ಚಿತ್ರವಿದ್ದರೆ ಕಲಿಕೆ ಆಳವಾಗುತ್ತದೆ. ಆದರೆ ವಿಷಯಕ್ಕೆ ಸಂಬಂಧವಿಲ್ಲದ ಚಿತ್ರ, ಹಿನ್ನೆಲೆ ಸದ್ದು, ಮಿನುಗುವ ಅಲಂಕಾರಗಳು ಕಲಿಕೆಯನ್ನು ಕುಂದಿಸುತ್ತವೆ. ಉದ್ದದ ಪಾಠವನ್ನು ಚಿಕ್ಕ ಚಿಕ್ಕ ತುಂಡುಗಳಾಗಿಸಿ, ಕಲಿಯುವವನೇ ನಿಲ್ಲಿಸಿ ಮುಂದುವರಿಸುವಂತಿದ್ದರೆ ಫಲ ಹೆಚ್ಚು. ಮೋಡಗಳ ಮೇಲೆ ಹಾರುವ ಪಾರಿವಾಳಗಳ ಹಿನ್ನೆಲೆಯಲ್ಲಿ ಅರಬಿ ಅಕ್ಷರ ಕಲಿಸುವ ವಿಡಿಯೋಗಳು ಯಾಕೆ ಕಲಿಸುವುದಿಲ್ಲವೆಂಬುದಕ್ಕೆ ಇದು ಉತ್ತರ.

ಕುರ್‌ಆನ್ ಕಂಠಪಾಠದ ಹಳೆಯ ಕ್ರಮದಲ್ಲಿ ದಿನದ ಪಾಠಕ್ಕೆ ಮೂರು ಭಾಗ: ಹೊಸತಾದ 'ಸಬಕ್', ಈಚೆಗೆ ಕಲಿತ 'ಸಬಕಿ', ಬಹಳ ಹಿಂದೆ ಕಲಿತ 'ಮಂಝಿಲ್'. ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದು, ಅದನ್ನು ಕಾಲಾಂತರದಲ್ಲಿ ಮತ್ತೆ ಮತ್ತೆ ಮಾಡುವುದು ನೆನಪನ್ನು ಗಟ್ಟಿಗೊಳಿಸುತ್ತದೆಂದು ಇಂದಿನ ಮನಶ್ಶಾಸ್ತ್ರವೂ ಹೇಳುತ್ತದೆ. ವಿಡಿಯೋ ಸುಮ್ಮನೆ ನೋಡುವುದರಲ್ಲಿ ಈ ಹೊರತೆಗೆಯುವಿಕೆ ಇಲ್ಲ. ನೋಡಿದ ಮಗುವಿಗೆ 'ನನಗೆ ಗೊತ್ತು' ಎನ್ನಿಸುತ್ತದೆ. ಪರದೆ ಆರಿಸಿ ಹೇಳೆಂದರೆ ಬಾಯಿ ಕಟ್ಟುತ್ತದೆ.

ಮನೆಯಲ್ಲಿ, ಮಕ್ತಬ್‌ನಲ್ಲಿ ಮಾಡಬಹುದಾದದ್ದು

ಇಷ್ಟನ್ನು ತಿಳಿದ ಮೇಲೆ ಪೋಷಕರು ಹಾಗೂ ಶಿಕ್ಷಕರು ಅನುಸರಿಸಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಸೂಚಿಸುತ್ತೇವೆ.

ಒಂದು, ಕೇಳುವುದು ಮೊದಲು, ನೋಡುವುದು ಆಮೇಲೆ. ಉಚ್ಚಾರದ ಪಾಠಕ್ಕೆ ಪರದೆಯೇ ಬೇಡ. ನಿಧಾನವಾಗಿ ಪಠಿಸುವ ಒಬ್ಬರೇ ಪಾಠಕರ ಧ್ವನಿ ಸಾಕು. ವಾರಕ್ಕೊಬ್ಬ ಪಾಠಕರನ್ನು ಬದಲಿಸಬಾರದು.

ಎರಡು, ಮಗುವಿನ ಧ್ವನಿಯನ್ನೂ ಮುದ್ರಿಸಬೇಕು. ತನ್ನ ಪಠಣವನ್ನೂ ಪಾಠಕರ ಪಠಣವನ್ನೂ ಒಂದರ ಹಿಂದೆ ಒಂದಾಗಿ ಕೇಳಿಸಿಕೊಂಡ ಮಗು ತನ್ನ ತಪ್ಪನ್ನು ತಾನೇ ಹಿಡಿಯುತ್ತದೆ. ಆರು ತಿಂಗಳ ಹಿಂದಿನ ಮುದ್ರಣವನ್ನು ಕೇಳಿಸಿದರೆ ತನ್ನ ಪ್ರಗತಿಯನ್ನು ಕಂಡು ಹಿಗ್ಗುತ್ತದೆ.

ಮೂರು, ವಿಡಿಯೋ ಐದು ನಿಮಿಷ ಮೀರದಿರಲಿ; ಅದು ಮುಗಿದ ಕೂಡಲೇ ಪರದೆ ಆರಿಸಿ, ಕಂಡದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಲಿ. ವುಝೂ, ನಮಾಝಿನಂತಹ ಕ್ರಿಯೆಗಳಾದರೆ ಮಾಡಿ ತೋರಿಸಲಿ.

ನಾಲ್ಕು, ಮಕ್ತಬ್‌ನಲ್ಲಿ ಒಂದೇ ದೊಡ್ಡ ಪರದೆ ಅಥವಾ ಒಂದು ಧ್ವನಿಪೆಟ್ಟಿಗೆ ಸಾಕು. ಪ್ರತಿ ಮಗುವಿನ ಕೈಗೂ ಫೋನ್ ಕೊಡುವುದು ಖರ್ಚಿನದ್ದೂ ಹೌದು, ಅಪಾಯದ್ದೂ ಹೌದು. ಧ್ವನಿಪೆಟ್ಟಿಗೆಯೊಂದಿಗೆ ಕಿರಿಯರ ಗುಂಪು ಪುನರುಚ್ಚರಿಸುತ್ತಿರುವಾಗ ಮೌಲಾನಾ ಹಿರಿಯ ಮಕ್ಕಳಿಗೆ ಹೆಚ್ಚು ಸಮಯ ಕೊಡಬಲ್ಲರು. ಎರಡು ನಿಮಿಷಗಳು ಐದಾಗುವುದು ಹೀಗೆ.

ಐದು, ತಂತಾನೇ ಮುಂದಿನ ವಿಡಿಯೋ ತೆರೆದುಕೊಳ್ಳುವ ವ್ಯವಸ್ಥೆಯನ್ನು ನಿಲ್ಲಿಸಬೇಕು. ಮೊದಲ ಪಾಠವನ್ನು ನಾವು ಆರಿಸುತ್ತೇವೆ. ಎರಡನೆಯದನ್ನು ಯಂತ್ರ ಆರಿಸುತ್ತದೆ. ಯಂತ್ರಕ್ಕೆ ಬೇಕಾದುದು ನೋಟದ ಅವಧಿ. ಶಾಂತವಾದ ಪಾಠಕ್ಕಿಂತ ಜಗಳದ ಭಾಷಣ ಅದಕ್ಕೆ ಹೆಚ್ಚು ಲಾಭಕರ. ಮಗುವಿನ ಕೈಗೆ ಕೊಡುವ ಪಾಠಗಳನ್ನು ಮುಂಚಿತವಾಗಿ ನೋಡಿ, ಇಳಿಸಿಕೊಂಡು, ಅಂತರ್ಜಾಲವಿಲ್ಲದೆ ತೋರಿಸುವುದು ಕ್ಷೇಮ.

ಆರು, ದೃಷ್ಟಿ ಅಥವಾ ಶ್ರವಣದ ಕೊರತೆಯಿರುವ ಮಕ್ಕಳನ್ನು ಮೊದಲು ನೆನೆಯಬೇಕು. ಇತರರಿಗೆ ಅನುಕೂಲವಾದದ್ದು ಅವರಿಗೆ ಅನಿವಾರ್ಯ. ಧ್ವನಿಪಾಠವಿದ್ದರೆ ಕಾಣದ ಮಗು ಎಲ್ಲರ ಸಮಕ್ಕೆ ಕಲಿಯುತ್ತದೆ. ಸಂಕೇತಭಾಷೆಯ ವಿಡಿಯೋ ಇದ್ದರೆ ಕೇಳದ ಮಗುವಿಗೂ ಪಂಕ್ತಿಯಲ್ಲಿ ಜಾಗ ಸಿಗುತ್ತದೆ.

ಅರ್ಥಕ್ಕೆ ಯಾವ ಭಾಷೆ?

ಕೊನೆಯದಾಗಿ, ನಮ್ಮ ಬಳಗಕ್ಕೆ ಹತ್ತಿರವಾದ ಮಾತು. ಪಠಣ ಅರಬಿಯಲ್ಲಿ, ಅರ್ಥ ಯಾವ ಭಾಷೆಯಲ್ಲಿ? ಕನ್ನಡದಲ್ಲಿ ಇದಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಮಂಗಳೂರಿನ 'ಸನ್ಮಾರ್ಗ' ವಾರಪತ್ರಿಕೆ 1978ರಿಂದ, ಶಾಂತಿ ಪ್ರಕಾಶನ 1988ರಿಂದ ಕನ್ನಡದಲ್ಲಿ ಇಸ್ಲಾಮೀ ಸಾಹಿತ್ಯವನ್ನು ಹೊರತರುತ್ತಿವೆ. ಕುರ್‌ಆನಿನ ಕನ್ನಡ ಅನುವಾದಗಳು ಹಲವಿವೆ. ಧ್ವನಿರೂಪದಲ್ಲಿಯೂ ಕೇಳಲು ಸಿಗುತ್ತವೆ. ಕರ್ನಾಟಕ ಸರಕಾರ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. 2011ರ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಚಿತ್ರದೊಂದಿಗೆ ಹಂಚಿಕೊಂಡದ್ದು 'ಬ್ಯಾರಿ' ಎಂಬ ಬ್ಯಾರಿ ಭಾಷೆಯ ಚಿತ್ರ. ಆ ವರ್ಷ ಪರೇಲಿನ ಬ್ಯಾರಿ ಮನೆಯ ಎರಡು ಭಾಷೆಗಳು, ಬೀದಿಯದೂ ಅಜ್ಜಿಯದೂ, ಒಂದೇ ವೇದಿಕೆಯಲ್ಲಿ ನಿಂತಿದ್ದವು! ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಾಗ, ಮುಸ್ಲಿಂ ಬದುಕನ್ನು ಕನ್ನಡ ಎಷ್ಟು ಆಪ್ತವಾಗಿ ಹಿಡಿದಿಟ್ಟುಕೊಂಡಿದೆಯೆಂದು ಲೋಕ ಕಂಡಿತು.

ಇಷ್ಟಿದ್ದರೂ ಮುಂಬಯಿಯಲ್ಲಿ ಬೆಳೆದ ಮಗುವಿಗೆ ಕನ್ನಡ ಲಿಪಿಯೇ ಬಾರದು. ಕನ್ನಡ ಮಾಧ್ಯಮದ ಶಾಲೆಗಳು ಕ್ಷೀಣಿಸಿದ ಈ ನಗರದಲ್ಲಿ ಅದು ಎಲ್ಲ ಮತಗಳ ಕನ್ನಡ ಮಕ್ಕಳ ಪಾಡು. ಆದರೆ ಓದಲಾರದ ಮಗು ಕೇಳಬಲ್ಲದು. ಲಿಪಿ ಕಳೆದುಕೊಂಡ ಪೀಳಿಗೆಗೆ ಭಾಷೆಯನ್ನು ದಾಟಿಸುವ ಸೇತುವೆ ಧ್ವನಿಯೇ. ಪ್ರತಿ ಮನೆಯಲ್ಲಿ ಅಜ್ಜಿ ಹೇಳುವ ಪ್ರವಾದಿಗಳ ಕತೆಗಳನ್ನು, ರಮಝಾನಿನ ನೆನಪುಗಳನ್ನು, ಊರಿನ ಮದರಸಾದಲ್ಲಿ ಕಲಿತ ಬ್ಯಾರಿ ಹಾಡುಗಳನ್ನು ಮೊಬೈಲಿನಲ್ಲಿಯೇ ಮುದ್ರಿಸಿಟ್ಟುಕೊಂಡರೆ, ಹಣವಿಲ್ಲದೆ, ತಂತ್ರಜ್ಞರಿಲ್ಲದೆ ಒಂದು ಅಮೂಲ್ಯ ಪಾಠಮಾಲಿಕೆ ಸಿದ್ಧವಾಗುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಯಾವ ಆ್ಯನಿಮೇಶನ್ನೂ ಅದಕ್ಕೆ ಸಮನಾಗದು. ಅಜ್ಜ ನಮಾಝಿಗೆ ನಿಲ್ಲುವ ರೀತಿಯನ್ನು ಮೊಮ್ಮಗ ತಪ್ಪೆಂದು ಎಣಿಸದಿರುವುದಕ್ಕೂ ಅದೇ ಮದ್ದು.

ಯಂತ್ರ ಉಚ್ಚಾ‌ರವನ್ನು ಕೇಳಿಸಬಲ್ಲದು, ಭೂಪಟವನ್ನು ತೋರಿಸಬಲ್ಲದು, ಬೇಸರವಿಲ್ಲದೆ ನೂರು ಬಾರಿ ಪುನರುಚ್ಚರಿಸಬಲ್ಲದು. ತಪ್ಪಿದ ಮಗುವಿನ ತಲೆ ನೇವರಿಸಿ "ಇನ್ನೊಮ್ಮೆ ಹೇಳು ಮಗಾ" ಎನ್ನಲು ಅದಕ್ಕೆ ಬಾರದು. ಕುರ್‌ಆನ್ ಕಲಿಕೆಯಲ್ಲಿ ಪಠಣಕ್ಕೆ ಪ್ರಮಾಣವಾಗುವುದು ಗುರುವಿನಿಂದ ಗುರುವಿಗೆ ಹಿಂದಕ್ಕೆ ಸಾಗುವ 'ಸನದ್' ಎಂಬ ಸರಪಳಿ. ಧ್ವನಿಮುದ್ರಣದಿಂದ ಕೇಳಿದ್ದಕ್ಕೆ ಆ ಪರಂಪರೆಯಲ್ಲಿ ಪ್ರಮಾಣಪತ್ರವಿಲ್ಲ. ಗುರುವಿನೆದುರು ಕುಳಿತು ಓದಿಯೇ ಅದನ್ನು ಪಡೆಯಬೇಕು. ಈ ವಿವೇಕವನ್ನು ಉಳಿಸಿಕೊಂಡು ಪರದೆಯನ್ನು ಸೇವಕನನ್ನಾಗಿ ಇಟ್ಟುಕೊಂಡರೆ, ಪರೇಲಿನ ಮಕ್ತಬ್‌ನ ಆ ಒಂದು ಗಂಟೆ ಸಾರ್ಥಕವಾದೀತು. ಮಕ್ಕಳು ತಮ್ಮ ಧರ್ಮವನ್ನೂ ತಮ್ಮ ಹಿರಿಯರ ನುಡಿಯನ್ನೂ ಒಟ್ಟಿಗೆ ಕಲಿಯಲೆಂಬುದು ನಮ್ಮ ಹಾರೈಕೆ.